ಜೈಲಿನೊಳಗಿನ ಆ ಪಂದ್ಯ: 1974ರ ‘ದ ಲಾಂಗೆಸ್ಟ್ ಯಾರ್ಡ್’ ತೋರಿಸಬೇಕೋ, 2005ರ ನಗೆಯ ರಿಮೇಕ್ ತೋರಿಸಬೇಕೋ?

ಪ್ರಶ್ನೆ: ಟಿಳಕವಾಡಿಯ ನಿವೃತ್ತ ಮಾಸ್ತರ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನಮ್ಮ ಓಣಿಯಲ್ಲಿ ತಿಂಗಳ ಎರಡನೆಯ ರವಿವಾರ ಸಂಜೆ ಒಬ್ಬರ ಮನೆಯ ಮಾಳಿಗೆಯ ಮೇಲೆ ಬಿಳಿ ಪರದೆ ಕಟ್ಟಿ ಸಿನಿಮಾ ನೋಡುವ ರೂಢಿ ಇದೆ. ನಲವತ್ತರಷ್ಟು ಜನ ಸೇರುತ್ತೇವೆ. ಅರ್ಧದಷ್ಟು ನನ್ನಂಥ ನಿವೃತ್ತರು, ಉಳಿದವರು ಕಾಲೇಜಿನ ಹುಡುಗ ಹುಡುಗಿಯರು ಮತ್ತು ಹತ್ತಿರದ ಗರಡಿಮನೆಯಲ್ಲಿ ತಾಲೀಮು ಮಾಡುವ ಪೈಲ್ವಾನರು. ಬರುವ ತಿಂಗಳು ಆಟದ ಸಿನಿಮಾ ಹಾಕಿರೆಂದು ಗರಡಿಯವರು ಕೇಳಿದ್ದರಿಂದ ನಾನು 1974ರ ‘ದ ಲಾಂಗೆಸ್ಟ್ ಯಾರ್ಡ್’ ಎಂದೆ. ನನ್ನ ಮಗ, ಅದೇ ಹೆಸರಿನ 2005ರ ಚಿತ್ರವೇ ಇಂದಿನವರಿಗೆ ಸರಿ ಎಂದ. ಮನೆಯಲ್ಲಿ ವಾರದಿಂದ ಇದೇ ಮಾತು ನಡೆದಿದೆ.

ನೋಡದವರಿಗಾಗಿ ಕತೆಯನ್ನು ಹೇಳಿಬಿಡುತ್ತೇನೆ. ಅಮೆರಿಕದ ಫುಟ್‌ಬಾಲಿನಲ್ಲಿ, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟದಲ್ಲಿ, ಬೇಕೆಂದೇ ಅಂಕ ಬಿಟ್ಟುಕೊಟ್ಟನೆಂಬ ಕಳಂಕ ಹೊತ್ತು ವೃತ್ತಿಯಿಂದ ಹೊರಬಿದ್ದ ಪಾಲ್ ಕ್ರೂ ಎಂಬಾತ, ಗೆಳತಿಯ ಕಾರು ಎತ್ತಿಕೊಂಡು ಹೋಗಿ ಜೈಲು ಸೇರುತ್ತಾನೆ. ಜೈಲಿನ ಮುಖ್ಯಾಧಿಕಾರಿ ಹೇಜನ್, ತನ್ನ ಕಾವಲುಗಾರರ ತಂಡದ ಅಭ್ಯಾಸಕ್ಕಾಗಿ ಕೈದಿಗಳದೊಂದು ತಂಡ ಕಟ್ಟಲು ಅವನನ್ನು ಹಚ್ಚುತ್ತಾನೆ. ಏಟು ತಿಂದು ತಿಂದು ಬೇಸತ್ತವರಿಗೆ, ಏಟು ಕೊಟ್ಟವರನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಸರಿಸಮವಾಗಿ ಎದುರಿಸುವ ಅವಕಾಶ ಸಿಗುತ್ತದೆ. ಹಳೆಯದನ್ನು ರಾಬರ್ಟ್ ಆಲ್ಡ್ರಿಚ್ ನಿರ್ದೇಶಿಸಿದರು, ಬರ್ಟ್ ರೆನಾಲ್ಡ್ಸ್ ಕ್ರೂ ಆದರು. ಹೊಸದನ್ನು ಪೀಟರ್ ಸೀಗಲ್ ನಿರ್ದೇಶಿಸಿದ್ದು, ಆಡಮ್ ಸ್ಯಾಂಡ್ಲರ್ ಕ್ರೂ ಆಗಿದ್ದಾರೆ. ರೆನಾಲ್ಡ್ಸ್ ಅದರಲ್ಲಿ ಹಿರಿಯ ತರಬೇತುದಾರನಾಗಿ ಮರಳಿ ಬಂದಿದ್ದಾರೆ. ತಮ್ಮ ತಮ್ಮ ಚಿತ್ರ ತೆರೆಗೆ ಬಂದಾಗ ಇಬ್ಬರಿಗೂ 38 ವರ್ಷ ವಯಸ್ಸು ಎಂಬುದನ್ನು ಲೆಕ್ಕ ಹಾಕಿ ನೋಡಿ ನನಗೇ ಆಶ್ಚರ್ಯವಾಯಿತು, ಏಕೆಂದರೆ ಪರದೆಯ ಮೇಲೆ ರೆನಾಲ್ಡ್ಸ್ ಬಾಳು ಸವೆದವನಂತೆ ಕಾಣುತ್ತಾರೆ, ಸ್ಯಾಂಡ್ಲರ್ ರಜೆಗೆ ಬಂದವನಂತೆ ಕಾಣುತ್ತಾರೆ.

ನನ್ನ ತಕರಾರು ಒಂದೇ ಪ್ರಸಂಗದ ಮೇಲೆ ನಿಂತಿದೆ. ಹಳೆಯ ಚಿತ್ರದಲ್ಲಿ ಅರ್ಧ ಪಂದ್ಯ ಮುಗಿದಾಗ ಕಾವಲುಗಾರರು 15, ಕೈದಿಗಳು 13. ಆಗ ಹೇಜನ್ ಕ್ರೂನನ್ನು ಒಂದು ಕಡೆಗೆ ಕರೆದು, 21 ಅಂಕಗಳ ಅಂತರದಿಂದ ಸೋಲದಿದ್ದರೆ ಸತ್ತುಹೋದ ಗೆಳೆಯನ ಕೊಲೆಯಲ್ಲಿ ನಿನ್ನ ಹೆಸರನ್ನೂ ಸೇರಿಸುತ್ತೇನೆ ಎಂದು ಬೆದರಿಸುತ್ತಾನೆ. ಕ್ರೂ ಒಪ್ಪಿ ಆಟ ಕೆಡಿಸುತ್ತಾನೆ. ಜೊತೆಯವರಿಗೆ ಅದು ತಿಳಿಯುತ್ತದೆ, ಯಾರೂ ಅವನ ಮುಖ ನೋಡುವುದಿಲ್ಲ. ಬದಿಯ ಬಾಕಿನ ಮೇಲೆ ಒಬ್ಬನೇ ಕೂತವನು, ಪಾಪ್ ಎಂಬ ಮುದುಕ ಕೈದಿಯನ್ನು ಒಂದು ಮಾತು ಕೇಳುತ್ತಾನೆ: ಹಿಂದೊಮ್ಮೆ ಹೇಜನ್‌ನ ಮುಖಕ್ಕೆ ಗುದ್ದಿದ್ದಕ್ಕಾಗಿ ಮೂವತ್ತು ವರ್ಷ ಒಳಗೇ ಕಳೆದೆಯಲ್ಲ, ಆ ಗುದ್ದಿಗೆ ಅಷ್ಟು ಬೆಲೆ ಇತ್ತೇ? ತನ್ನ ಮಟ್ಟಿಗೆ ಇತ್ತು ಎಂದು ಮುದುಕ ತಣ್ಣಗೆ ಹೇಳುತ್ತಾನೆ. ಕ್ರೂ ಬೂಟು ಕೇಳಿ ಹಾಕಿಕೊಂಡು ಅಂಗಳಕ್ಕೆ ಇಳಿಯುತ್ತಾನೆ. ಅಲ್ಲಿ ಉಪದೇಶವಿಲ್ಲ. ನಾನು ಎಷ್ಟು ಸಲ ನೋಡಿದರೂ ಆ ಬೂಟಿನ ಹತ್ತಿರ ಬಂದಾಗ ಗಂಟಲು ಕಟ್ಟುತ್ತದೆ.

ರಿಮೇಕ್‌ನಲ್ಲಿ ಬೆದರಿಕೆ, ಆಟ ಕೆಡಿಸುವುದು, ಮರಳಿ ಬರುವುದು ಎಲ್ಲವೂ ಇದ್ದರೂ, ಅದರ ಹಿಂದೆಮುಂದೆ ನಗೆಯ ತುಣುಕುಗಳನ್ನು ಎಷ್ಟು ದಟ್ಟವಾಗಿ ತುಂಬಿದ್ದಾರೆಂದರೆ, ಜೈಲಿನ ಭಯವು ನಮ್ಮ ಮೈಗೆ ಹತ್ತುವುದೇ ಇಲ್ಲ. ಭಯವಿಲ್ಲದ ಮೇಲೆ ಭಯ ಮೀರಿದವನ ಬೆಲೆ ಹೇಗೆ ತಿಳಿದೀತು? ನನ್ನ ಈ ಆಕ್ಷೇಪ ನ್ಯಾಯವಾದದ್ದೇ, ಅಥವಾ ಮೊದಲು ನೋಡಿದ್ದರ ಮೇಲಿನ ಮೋಹವೇ? ಎರಡನ್ನೂ ನೋಡಿದವರು ದಯವಿಟ್ಟು ಬಿಡಿಸಿ ಬರೆಯಿರಿ.

ಉತ್ತರ 1: ದೈಹಿಕ ಶಿಕ್ಷಕಿ, ವಿಜಯಪುರ

ಮಾಸ್ತರರಿಗೆ ಶರಣು. ನಾನು ನಿಮ್ಮ ಮಗನ ಪಕ್ಷದವಳು, ಆದರೆ ಪೂರ್ತಿಯಾಗಿ ಅಲ್ಲ.

ನಮ್ಮ ಪ್ರೌಢಶಾಲೆಯಿಂದ ಹೊರಬಿದ್ದು ಈಗ ಸೈಕ್ಲಿಂಗ್‌ನಲ್ಲಿರುವ ಕೆಲವು ಹುಡುಗರು ನಮ್ಮ ಮನೆಗೆ ಬಂದಾಗ ನಾನು ರಿಮೇಕ್ ಹಾಕಿದ್ದೆ. ಅಮೆರಿಕದ ಫುಟ್‌ಬಾಲಿನ ಗಂಧಗಾಳಿ ಇಲ್ಲದ ಅವರು ಎರಡು ತಾಸು ಕದಲದೆ ಕೂತರು. ದಲೀಪ್ ಸಿಂಗ್, ಅಂದರೆ ನಮ್ಮ ‘ದ ಗ್ರೇಟ್ ಖಲಿ’, ಟರ್ಲಿ ಎಂಬ ಕೈದಿಯಾಗಿ ಪರದೆಯ ಮೇಲೆ ಕಂಡಾಗ ಸೀಟಿ ಹೊಡೆದರು. ಹಿಮಾಚಲದಿಂದ ಬಂದು ಪಂಜಾಬ್ ಪೊಲೀಸ್‌ನಲ್ಲಿದ್ದವರು ಹಾಲಿವುಡ್ ಚಿತ್ರದ ತಂಡದಲ್ಲಿ ನಿಂತಿದ್ದಾರೆಂಬುದೇ ಅವರಿಗೆ ದೊಡ್ಡದಾಯಿತು. ಹುಡುಗರನ್ನು ಕತೆಯ ಬಾಗಿಲವರೆಗೆ ಕರೆತರುವ ಕೆಲಸವನ್ನು ಆ ನಗೆ ಮಾಡಿತೆಂಬುದು ನಾನು ಕಣ್ಣಾರೆ ಕಂಡ ಮಾತು.

ರಿಮೇಕ್‌ನಲ್ಲಿ ನನಗೆ ನಿಜವಾಗಿ ಹಿಡಿಸಿದ ಪ್ರಸಂಗವೊಂದಿದೆ. ಕಪ್ಪು ಕೈದಿಗಳು ತಂಡಕ್ಕೆ ಬರಲು ಒಪ್ಪದಿದ್ದಾಗ ಕ್ರೂ ಅವರ ಮುಂದಾಳಿನೊಂದಿಗೆ ಒಬ್ಬರಿಗೊಬ್ಬರಂತೆ ಬ್ಯಾಸ್ಕೆಟ್‌ಬಾಲ್ ಆಡುತ್ತಾನೆ. ಎದುರಾಳಿ ತಳ್ಳುತ್ತಾನೆ, ಬೀಳಿಸುತ್ತಾನೆ. ಕ್ರೂ ತಕರಾರು ತೆಗೆಯದೆ ಆಡುತ್ತಾನೆ ಮತ್ತು ಸೋಲುತ್ತಾನೆ. ಬದಿಗೆ ನಿಂತು ನೋಡಿದ ಮೆಗೆಟ್ ಎಂಬ ಓಟಗಾರ, ಆ ಸೋಲನ್ನು ನೋಡಿಯೇ ತಂಡಕ್ಕೆ ಬರುತ್ತಾನೆ. ಮೈದಾನದಲ್ಲಿ ಮಕ್ಕಳನ್ನು ಆಡಿಸುವ ನಮಗೆ, ಗೆಲ್ಲದೆಯೂ ಆಟಗಾರನೊಬ್ಬ ನಂಬಿಕೆ ಗಳಿಸುವುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಹತ್ತು ನಿಮಿಷ ಸಿಗಲಾರದು.

ಒಪ್ಪದಿರುವುದನ್ನೂ ಹೇಳುತ್ತೇನೆ. ಕಾವಲುಗಾರರ ಸ್ಟೀರಾಯ್ಡ್ ಗುಳಿಗೆಗಳ ಜಾಗದಲ್ಲಿ ಹೆಣ್ಣಿನ ಹಾರ್ಮೋನ್ ಗುಳಿಗೆ ಇಟ್ಟು, ಒಬ್ಬ ದೈತ್ಯ ಅಳುಮುಂಜಿಯಾಗುವುದನ್ನು ನಗೆ ಮಾಡಿದ್ದಾರೆ. ಸೀರೆಯುಟ್ಟು ಕುಸ್ತಿ ಮಾಡುತ್ತೀಯಾ ಎಂದು ಸೋತ ಹುಡುಗನಿಗೆ ಅನ್ನುವುದನ್ನು ಬಿಡಿಸಲು ನಾನು ಇಪ್ಪತ್ತು ವರ್ಷಗಳಿಂದ ಹೆಣಗುತ್ತಿದ್ದೇನೆ. ಆ ದೃಶ್ಯ ಬಂದಾಗ ನನ್ನ ಹುಡುಗರು ನನ್ನ ಕಡೆಗೆ ತಿರುಗಿ ನೋಡಿ ನಗು ನಿಲ್ಲಿಸಿದರು. ಹೆಣ್ಣುಡುಗೆ ತೊಟ್ಟ ಕೈದಿಗಳ ಪ್ರಸಂಗ ಹಳೆಯದರಲ್ಲಿಯೂ ಇದೆ, ಅದನ್ನೂ ನೆನಪಿಡಬೇಕು. ಹೊಸದು ಅದನ್ನು ಹಿಗ್ಗಿಸಿದೆ.

ಉತ್ತರ 2: ನೇಕಾರ ಮನೆತನದವನು, ಇಳಕಲ್

ಮಾಸ್ತರರೇ, ಅಕ್ಕಾವರೇ, ಇಬ್ಬರಿಗೂ ನಮಸ್ಕಾರ. ಒಂದು ತಿದ್ದುಪಡಿಯಿಂದ ಆರಂಭಿಸುತ್ತೇನೆ. ಗಂಭೀರ ಚಿತ್ರವೊಂದನ್ನು ಹಾಸ್ಯಕ್ಕೆ ಇಳಿಸಿದರೆಂದು ಎಲ್ಲರೂ ಹೇಳುತ್ತಾರೆ, ಆದರೆ 1974ರ ಚಿತ್ರಕ್ಕೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂದದ್ದು ಸಂಗೀತ ಅಥವಾ ಹಾಸ್ಯ ಚಿತ್ರದ ವಿಭಾಗದಲ್ಲಿಯೇ. ಹಳೆಯದರಲ್ಲಿಯೂ ನಗೆ ಬೇಕಾದಷ್ಟಿದೆ. ಆದ್ದರಿಂದ ನಾವು ಹೋಲಿಸಬೇಕಾದದ್ದು ನಗೆಯನ್ನೂ ಗಾಂಭೀರ್ಯವನ್ನೂ ಅಲ್ಲ, ಒಂದು ಬಗೆಯ ನಗೆಯನ್ನು ಇನ್ನೊಂದು ಬಗೆಯ ನಗೆಯೊಂದಿಗೆ.

ನಮ್ಮ ಮಗ್ಗದ ಮಾತಿನಲ್ಲಿ ಹೇಳಲು ಅಪ್ಪಣೆ ಕೊಡಿ. ಇಳಕಲ್ ಸೀರೆಯ ಒಡಲಿನ ಹಾಸು ಹತ್ತಿಯದಿರಬಹುದು, ಸೆರಗಿನದು ರೇಷ್ಮೆ. ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಒಂದಕ್ಕೊಂದು ಕುಣಿಕೆಯಲ್ಲಿ ಸಿಕ್ಕಿಸಿ ಕೊಂಡಿ ಹಾಕಿ ಕೂಡಿಸುತ್ತಾರೆ. ನನ್ನ ಅವ್ವ ಬೆಳಗಿನಿಂದ ಕೂತು ಕೊಂಡಿ ಹಾಕುವಾಗ ಮಾತಾಡಿಸಿದರೂ ತಲೆ ಎತ್ತುತ್ತಿರಲಿಲ್ಲ. ಒಂದು ಎಳೆ ತಪ್ಪಿದರೆ ಆ ಜಾಗದಲ್ಲಿ ಸೀರೆ ಉಟ್ಟವಳ ಹೆಗಲ ಮೇಲೆ ಸುಕ್ಕಾಗಿ ಕಾಣುತ್ತದೆ. ಹಳೆಯ ಚಿತ್ರದಲ್ಲಿ ನಗೆಗೂ ನೋವಿಗೂ ಅಂಥ ಕೊಂಡಿ ಇದೆ. ಬೇಕಾದ ಸಾಮಾನನ್ನೆಲ್ಲ ಎಲ್ಲಿಂದಲಾದರೂ ಹೊಂದಿಸಿ ತರುವ, ಸದಾ ನಗಿಸುವ ಕೇರ್‌ಟೇಕರ್ ಎಂಬ ಗೆಳೆಯನೇ ಕ್ರೂಗೆಂದು ಇಟ್ಟ ಬೆಂಕಿಯಲ್ಲಿ ಸಾಯುತ್ತಾನೆ. ಅಲ್ಲಿಯವರೆಗೆ ನಾವು ನಕ್ಕ ನಗೆಯೆಲ್ಲ ಆಗ ನಮ್ಮ ಕೊರಳಿಗೇ ಬರುತ್ತದೆ. 2005ರಲ್ಲಿ ಆ ಪಾತ್ರವನ್ನು ಕ್ರಿಸ್ ರಾಕ್ ಮಾಡಿದ್ದಾರೆ. ಅವನೂ ಸಾಯುತ್ತಾನೆ. ಆದರೆ ಅವನ ಮಾತುಗಳು ಆ ಜೈಲಿನ ಕೈದಿಯ ಮಾತುಗಳಾಗಿರದೆ ವೇದಿಕೆಯ ಮೇಲಿನ ಹಾಸ್ಯಗಾರನ ಮಾತುಗಳಾಗಿದ್ದುದರಿಂದ, ಸಾವು ಬಂದಾಗ ಕುಣಿಕೆ ಸಿಕ್ಕುವುದಿಲ್ಲ, ಎಳೆ ಬಿಟ್ಟುಹೋಗುತ್ತದೆ.

ಬಾದಾಮಿಯ ಹತ್ತಿರ ಬನಶಂಕರಿ ಜಾತ್ರೆಗೆ ಹೋಗುವವರಿಗೆ ಇದು ಹೊಸದಲ್ಲ. ಕಂಪನಿ ನಾಟಕಗಳ ತಂಬುಗಳಲ್ಲಿ ಮೂಲ ಕತೆಯ ನಡುವೆ ಉಸಿರು ಬಿಡಲು ಇರುತ್ತಿದ್ದ ಹಾಸ್ಯ ಈಗ ಊಟದ ತಾಟಿನ ತುಂಬ ಉಪ್ಪಿನಕಾಯಿ ಬಡಿಸಿದಂತೆ ಬೆಳೆದಿದೆ. ಅದೇ ನೆಲದ ಶ್ರೀಕೃಷ್ಣ ಪಾರಿಜಾತದಲ್ಲಿ ದೂತಿ ನಗಿಸುತ್ತಾಳೆ, ಭಾಗವತ ಕೆಣಕುತ್ತಾನೆ, ಆದರೆ ಸತ್ಯಭಾಮೆಯ ಹಟ ಮತ್ತು ಸಂಕಟ ಒಂದಿಷ್ಟೂ ಕರಗುವುದಿಲ್ಲ. ಕೇಳುವವರು ಬೆಳಗಿನವರೆಗೂ ಕೂತಿರುವುದು ಆ ಸಂಕಟಕ್ಕಾಗಿಯೇ. ಅದೇ ಕತೆಯನ್ನು ಎಷ್ಟು ಮೇಳಗಳು ಎಷ್ಟು ಸಲ ಆಡಿದರೂ ಯಾರೂ ರಿಮೇಕ್ ಎಂದು ಬೇಸರಿಸಿಲ್ಲ. ಹೀಗಾಗಿ ಮತ್ತೆ ಆಡಿದ್ದು ತಪ್ಪು ಎಂದು ನಾನು ಹೇಳಲಾರೆ.

ಇನ್ನು ಹೆಸರಿನ ಮಾತು. ಯಾರ್ಡ್ ಎಂದರೆ ನಮ್ಮ ಗಜ, ಮೂರು ಅಡಿ. ಸೀರೆಯ ಲೆಕ್ಕದಲ್ಲಿ ವಾರಿ. ಆ ಆಟದ ಅಂಗಳ ನೂರು ಗಜ ಉದ್ದ. ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಕೊನೆಯ ಗೆರೆ ದಾಟಿದರೆ 6 ಅಂಕ. ಹಳೆಯ ಚಿತ್ರದ ಕೊನೆಗೆ ಕಾವಲುಗಾರರು 35, ಕೈದಿಗಳು 30, ಉಳಿದದ್ದು ಏಳು ಸೆಕೆಂಡು, ದಾಟಬೇಕಾದದ್ದು ಒಂದೇ ಗಜ. ಅಮೆರಿಕದ ಫುಟ್‌ಬಾಲ್ ಗೊತ್ತಿಲ್ಲದ ನನ್ನ ಅಪ್ಪನಿಗೆ ಇಷ್ಟನ್ನೇ ಹೇಳಿದ್ದೆ. ಅವರು ಆ ಒಂದು ಗಜವನ್ನು ಮುಷ್ಟಿ ಬಿಗಿಹಿಡಿದು ನೋಡಿದರು. ಪರದೆಯನ್ನು ಎರಡು ಮೂರು ಪಾಲಾಗಿ ಸೀಳಿ ಏಕಕಾಲಕ್ಕೆ ಅಂಗಳವನ್ನೂ ಮುಖಗಳನ್ನೂ ತೋರಿಸುವ ಆ ಸಂಕಲನಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತು.

ಉತ್ತರ 3: ಎಂಜಿನಿಯರಿಂಗ್ ವಿದ್ಯಾರ್ಥಿ, ಬಾಗಲಕೋಟೆ

ಹಿರಿಯರೆಲ್ಲರಿಗೂ ನಮಸ್ಕಾರ. ಬೆಳಗಾವಿಯವರಿಗೆ ನಮ್ಮ ಸಾದಾ ಫುಟ್‌ಬಾಲ್ ಚೆನ್ನಾಗಿ ಗೊತ್ತಿರುವುದರಿಂದ, ಇದೇ ಕತೆಯನ್ನು ಇಂಗ್ಲೆಂಡಿನ ಜೈಲಿಗೂ ಸಾದಾ ಫುಟ್‌ಬಾಲಿಗೂ ಒಗ್ಗಿಸಿದ 2001ರ ‘ಮೀನ್ ಮಷೀನ್’ ಹಾಕಬಹುದಲ್ಲವೇ? ಅದರಲ್ಲಿ ಮುಖ್ಯ ಪಾತ್ರ ಮಾಡಿದ ವಿನ್ನಿ ಜೋನ್ಸ್ ಹಿಂದೆ ನಿಜವಾಗಿಯೂ ವೃತ್ತಿಪರ ಫುಟ್‌ಬಾಲ್ ಆಟಗಾರರಾಗಿದ್ದವರು. ನಿಯಮಗಳನ್ನು ಯಾರಿಗೂ ಬಿಡಿಸಿ ಹೇಳುವ ಅಗತ್ಯ ಬೀಳುವುದಿಲ್ಲ. ಸ್ಯಾಂಡ್ಲರ್ ಅವರ ಓಟವನ್ನು ನೋಡಿದಾಗ ಇವರು ರಾಷ್ಟ್ರಮಟ್ಟದಲ್ಲಿ ಆಡಿದವರೆಂದು ನಂಬುವುದು ನನಗೂ ಕಷ್ಟವಾಯಿತು. ರೆನಾಲ್ಡ್ಸ್ ಮೊಣಕಾಲು ಕೆಡಿಸಿಕೊಳ್ಳುವ ಮೊದಲು ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ್ದವರಾದ್ದರಿಂದ ಚೆಂಡು ಅವರ ಕೈಯಲ್ಲಿ ಹಗುರಾಗಿ ಕೂರುತ್ತದೆ. ಅಷ್ಟಾದರೂ, ಗೆಳೆಯರ ಜೊತೆ ಹಾಸ್ಟೆಲಿನಲ್ಲಿ ನೋಡಲು ನಾನು 2005ರದ್ದನ್ನೇ ಆರಿಸಿಕೊಳ್ಳುತ್ತೇನೆ.

ಉತ್ತರ 4: ನಿವೃತ್ತ ಜೈಲು ವಾರ್ಡರ್, ಬೆಳಗಾವಿ

ಮಾಸ್ತರರಿಗೂ ಉಳಿದ ಬಂಧುಗಳಿಗೂ ನಮಸ್ಕಾರಗಳು. ನಾನು ಮೂವತ್ತೊಂದು ವರ್ಷ ಬೇರೆ ಬೇರೆ ಜೈಲುಗಳಲ್ಲಿ ಖಾಕಿ ತೊಟ್ಟು ನೌಕರಿ ಮಾಡಿದವನು. ಎರಡು ಚಿತ್ರಗಳಲ್ಲಿಯೂ ಕಾವಲುಗಾರರನ್ನು ಕೆಟ್ಟವರಾಗಿ ತೋರಿಸಿದ್ದಾರೆಂದು ನನಗೆ ಬೇಸರವಾಗಬೇಕಿತ್ತು. ಹಳೆಯದನ್ನು ನೋಡಿದಾಗ ಆಗಲಿಲ್ಲ. ಅದರ ಕಾರಣವನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

ಮೊದಲು ಗೋಡೆಗಳ ಮಾತು. 1974ರ ಚಿತ್ರವನ್ನು ಜಾರ್ಜಿಯಾ ರಾಜ್ಯದ ರೀಡ್ಸ್‌ವಿಲ್‌ನಲ್ಲಿ, ನಿಜವಾಗಿ ಕೈದಿಗಳಿದ್ದ ಜೈಲಿನಲ್ಲಿ ತೆಗೆದರು. ಆಗ ಅಲ್ಲಿಯ ಗವರ್ನರ್ ಆಗಿದ್ದ, ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಇದಕ್ಕೆ ಸಹಕಾರ ಕೊಟ್ಟಿದ್ದರು. 2005ರದ್ದನ್ನು ನ್ಯೂ ಮೆಕ್ಸಿಕೋದಲ್ಲಿ, ಕೈದಿಗಳಿಲ್ಲದೆ ಮುಚ್ಚಿದ್ದ ಹಳೆಯ ಜೈಲಿನಲ್ಲಿ ತೆಗೆದರು. ಇದನ್ನು ತಿಳಿಯುವ ಮೊದಲೇ ನನಗೆ ವ್ಯತ್ಯಾಸ ಕಂಡಿತ್ತು. ಜನ ಬಾಳುವ ಜೈಲಿನಲ್ಲಿ, ದಿನವೂ ಬೆನ್ನು ಒರಗುವ ಎತ್ತರದಲ್ಲಿ ಗೋಡೆಗೆ ಎಣ್ಣೆಗಪ್ಪು ಪಟ್ಟಿ ಮೂಡುತ್ತದೆ, ಬಾಗಿಲಿನ ಸರಳು ಕೈ ಹಿಡಿಯುವ ಜಾಗದಲ್ಲಿ ಮಾತ್ರ ಮಿರುಗುತ್ತದೆ. ಬಣ್ಣ ಬಳಿದು ಅದನ್ನು ತರಲು ಬರುವುದಿಲ್ಲ. ರಿಮೇಕ್ ಮಾಡಿದವರಿಗೂ ಇದರ ಅರಿವು ಸ್ವಲ್ಪ ಇದ್ದಿರಬೇಕು, ಏಕೆಂದರೆ ಮುದುಕ ಕೈದಿಯ ಪಾತ್ರವನ್ನು ಎಡ್ವರ್ಡ್ ಬಂಕರ್ ಅವರಿಗೆ ಕೊಟ್ಟಿದ್ದಾರೆ. ಅವರು ತಮ್ಮ ಹರೆಯದ ಎಷ್ಟೋ ವರ್ಷಗಳನ್ನು ನಿಜವಾಗಿ ಜೈಲಿನಲ್ಲಿ ಕಳೆದು, ಅಲ್ಲಿಂದಲೇ ಕಾದಂಬರಿಕಾರರಾಗಿ ಹೊರಬಂದವರು. ನಗೆಯ ಆ ಚಿತ್ರದಲ್ಲಿ ಅವರ ಮುಖ ಒಂದೇ ನನಗೆ ಪರಿಚಿತವೆನಿಸಿತು.

ಈಗ ಹಳೆಯ ಚಿತ್ರದ ಕೊನೆಯ ಪ್ರಸಂಗ. ಪಂದ್ಯ ಮುಗಿದ ಮೇಲೆ ಕ್ರೂ ಜನಸಂದಣಿಯ ಕಡೆಗೆ ನಡೆಯುತ್ತಾನೆ. ಅವನು ಪರಾರಿಯಾಗುತ್ತಿದ್ದಾನೆ, ಗುಂಡು ಹಾರಿಸು ಎಂದು ಹೇಜನ್ ಒತ್ತುತ್ತಾನೆ. ಕಾವಲುಗಾರರ ನಾಯಕ ನಾವರ್ ಬಂದೂಕು ಎತ್ತಿ ಗುರಿ ಹಿಡಿದರೂ ತಡೆಯುತ್ತಾನೆ. ಕ್ರೂ ಬಾಗಿ ಚೆಂಡನ್ನು ಎತ್ತಿಕೊಳ್ಳುತ್ತಾನೆ, ಅಷ್ಟೇ. ಚಿತ್ರದುದ್ದಕ್ಕೂ ಕೈದಿಗಳನ್ನು ಬಡಿದವನೂ ಆ ನಾವರನೇ, ಕೊನೆಗೆ ಗುಂಡು ಹಾರಿಸದವನೂ ಅವನೇ. ಎಡ್ ಲಾಟರ್ ಎಂಬ ನಟ ಆ ನಾಲ್ಕು ಕ್ಷಣಗಳಲ್ಲಿ ಮುಖದ ಮೇಲೆ ತಂದದ್ದನ್ನು ನಾನು ನನ್ನ ನೌಕರಿಯ ಒಂದು ದಿನದ ನೆನಪಿಲ್ಲದೆ ನೋಡಲಾರೆ.

ಒಂದು ಸ್ವಾತಂತ್ರ್ಯ ದಿನದಂದು ಸಿಬ್ಬಂದಿಗೂ ಬಂದಿಗಳಿಗೂ ವಾಲಿಬಾಲ್ ಪಂದ್ಯ ಇಟ್ಟಿದ್ದರು. ಕೊನೆಯ ಸೆಟ್ಟಿನಲ್ಲಿ ಬಂದಿಗಳು 14, ನಾವು 13. ಅವರು ಹೊಡೆದ ಚೆಂಡು ಹೊರಗೆ ಬಿತ್ತು. ಆದರೆ ಬೀಳುವ ಮೊದಲು ಅದು ನನ್ನ ಬೆರಳ ತುದಿಗೆ ತಾಗಿತ್ತು, ಅಂಪೈರ್ ನೋಡಲಿಲ್ಲ. ಬಲೆಯ ಆಚೆ ನಿಂತಿದ್ದ ಜೀವಾವಧಿ ಶಿಕ್ಷೆಯ ಬಂದಿಯೊಬ್ಬ ನೋಡಿದ್ದ. ಅವನು ಬಾಯಿ ತೆರೆಯಲಿಲ್ಲ. ಶಿಕ್ಷೆಯಲ್ಲಿ ಮಾಫಿ ಆಗುವ ದಿನಗಳ ಲೆಕ್ಕ ಯಾರ ವರದಿಯ ಮೇಲೆ ನಿಂತಿದೆಯೋ ಅಂಥವರ ಜೊತೆ ಬೆರಳು ತಾಗಿತೆಂದು ವಾದಿಸುವುದು ಅವನ ಕೈಲಾಗುವ ಕೆಲಸವಲ್ಲ. ಸುಮ್ಮನೆ ನನ್ನ ಕೈಯನ್ನು ನೋಡಿದ. ನಾನು ಕೈ ಎತ್ತಿ, ತಾಗಿದೆ ಎಂದೆ. ನಾವು ಸೋತೆವು, ಸಂಗಡಿಗರು ಎರಡು ದಿನ ನನ್ನೊಂದಿಗೆ ಚಹಾ ಕುಡಿಯಲಿಲ್ಲ. ಅಂದು ಸಂಜೆ ಬ್ಯಾರಕ್ ಮುಚ್ಚುವಾಗ ಎಣಿಕೆಯಲ್ಲಿ ಅವನ ಸರದಿ ಬಂದಾಗ, ಎಂದೂ ತುಟಿಯೊಳಗೇ ಗೊಣಗುತ್ತಿದ್ದವನು ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿದ.

ಆ ಕಾರಣಕ್ಕಾಗಿಯೇ ಅಕ್ಕಾವರು ಮೆಚ್ಚಿದ ಬ್ಯಾಸ್ಕೆಟ್‌ಬಾಲ್ ಪ್ರಸಂಗವನ್ನು ನಾನೂ ಮೆಚ್ಚುತ್ತೇನೆ, ರಿಮೇಕನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಒಂದನ್ನೇ ತೋರಿಸುವುದಾದರೆ ಹಳೆಯದನ್ನು ತೋರಿಸಿ. ಮಾಸ್ತರರೇ, ಆ ಮುದುಕನ ಮೂವತ್ತು ವರ್ಷಗಳ ಬಗ್ಗೆ ನೀವು ಬರೆದದ್ದು ಮೋಹವಲ್ಲ. ಒಂದು ಗುದ್ದಿಗೆ ಹೋಗುವ ವರ್ಷಗಳ ಉದ್ದವನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಪ್ರಶ್ನೆ ಕೇಳಿದವರಿಂದ: ಟಿಳಕವಾಡಿ, ಬೆಳಗಾವಿ

ಎಲ್ಲರಿಗೂ ಕೃತಜ್ಞತೆಗಳು. ವಾರ್ಡರ್ ಸಾಹೇಬರ ಪತ್ರವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಮಗ ನಡುವೆ ಎದ್ದು ಹೋಗಿ ನೀರು ಕುಡಿದು ಬಂದು, ಆಯಿತು ಅಪ್ಪಾ, ಹಳೆಯದೇ ಇರಲಿ ಎಂದ. ನಾನೂ ಒಂದು ಹೆಜ್ಜೆ ಹಿಂದೆ ಸರಿದಿದ್ದೇನೆ. ಇಳಕಲ್ಲಿನವರು ಹೇಳಿದಂತೆ ಹಳೆಯದೂ ನಗೆಯ ಚಿತ್ರವೇ ಎಂಬುದನ್ನು ನಾನು ಮರೆತಿದ್ದೆ, ಮತ್ತು ಅಕ್ಕಾವರ ಹುಡುಗರು ಕದಲದೆ ಕೂತದ್ದನ್ನು ಅಲ್ಲಗಳೆಯುವ ಹಕ್ಕು ನನಗಿಲ್ಲ. ಆದ್ದರಿಂದ ಮೊದಲು ರಿಮೇಕ್‌ನ ಬ್ಯಾಸ್ಕೆಟ್‌ಬಾಲ್ ಪ್ರಸಂಗವನ್ನು ಮಾತ್ರ ತೋರಿಸಿ, ಚಹಾ ಕುಡಿದು, ಆಮೇಲೆ 1974ರ ಚಿತ್ರವನ್ನು ಪೂರ್ತಿ ಹಾಕುವುದೆಂದು ನಿಶ್ಚಯವಾಗಿದೆ. ‘ಮೀನ್ ಮಷೀನ್’ ಅನ್ನು ಮುಂದಿನ ಸಲಕ್ಕೆ ಇಟ್ಟುಕೊಂಡಿದ್ದೇವೆ.

ವಾರ್ಡರ್ ಸಾಹೇಬರೇ, ತಾವು ಇದೇ ಊರಿನವರಾದ್ದರಿಂದ ಆ ಸಂಜೆ ದಯವಿಟ್ಟು ಬರಬೇಕು. ವಾಲಿಬಾಲಿನ ಆ ಮಾತನ್ನು ಗರಡಿಯ ಹುಡುಗರು ತಮ್ಮ ಬಾಯಿಂದಲೇ ಕೇಳಬೇಕೆಂಬುದು ನನ್ನ ಆಸೆ. ಇಳಕಲ್ಲಿನವರಲ್ಲಿ ಒಂದು ಬಿನ್ನಹ: ಆಟದ ನಿಯಮಗಳನ್ನು ಕನ್ನಡದಲ್ಲಿ ಒಂದು ಹಾಳೆಗೆ ಇಳಿಸುವ ಕೆಲಸವನ್ನು ಮಗ ವಹಿಸಿಕೊಂಡಿದ್ದಾನೆ, ಆದರೆ ಯಾರ್ಡ್ ಎಂಬುದಕ್ಕೆ ಗಜ ಎಂದು ಬರೆಯಬೇಕೋ ವಾರಿ ಎಂದು ಬರೆಯಬೇಕೋ ಎಂದು ಕೇಳುತ್ತಿದ್ದಾನೆ. ನಮ್ಮ ಮಾಳಿಗೆಗೆ ಬರುವ ಹೆಣ್ಣುಮಕ್ಕಳಿಗೆ ವಾರಿಯೇ ಬೇಗ ತಿಳಿಯುತ್ತದೆ. ಅಪ್ಪನವರಿಗೆ ತಾವು ಯಾವುದನ್ನು ಹೇಳಿ ತಿಳಿಸಿದಿರಿ?